ರಾತ್ರಿ ಎಂಟೂಕಾಲರ ಪಾಠ: ಶಿಡ್ಲಘಟ್ಟದ ರೀಲಿಂಗ್ ಘಟಕಗಳ ಯುವಜನರಿಗೆ ಮೊಬೈಲ್ ಮೂಲಕ ಎಸ್ಸೆಸ್ಸೆಲ್ಸಿ ತಯಾರಿ – ಒಂದು ಪ್ರಕರಣ ಅಧ್ಯಯನ

ಚಿಕ್ಕಬಳ್ಳಾಪುರ ಜಿಲ್ಲೆ 2020ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲು ಬಂದಿತ್ತು. ಅದೇ ಜಿಲ್ಲೆಯ ಶಿಡ್ಲಘಟ್ಟದಲ್ಲಿ ಗಣಿತವೋ ಇಂಗ್ಲಿಷೋ ಉಳಿದುಹೋಗಿ, ಅಂಕಪಟ್ಟಿಯನ್ನು ಟ್ರಂಕಿನಲ್ಲಿಟ್ಟು ರೀಲಿಂಗ್, ಅಂದರೆ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿರುವವರೂ ಇದ್ದಾರೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ ವರ್ಷ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ಇಂಥ ಯುವಜನರ ಸಾಲು ಇನ್ನಷ್ಟು ಉದ್ದವಾಯಿತು ಅಷ್ಟೆ. ಶಾಲೆಗೆ ಇವರು ಹಳಬರು, ಕಾಲೇಜಿಗೆ ಇನ್ನೂ ಸೇರದವರು. ಯಾರ ಹಾಜರಿ ಪುಸ್ತಕದಲ್ಲೂ ಇವರ ಹೆಸರಿಲ್ಲ.

ಇವರನ್ನು ಮೊಬೈಲ್ ಮೂಲಕ ಮತ್ತೆ ಓದಿಗೆ ಹಚ್ಚುವ ಒಂದು ಯೋಜನೆಯನ್ನು ಬಿಡಿಬಿಡಿಯಾಗಿ ನೋಡುವುದು ಈ ಬರಹದ ಕೆಲಸ. ಲೆಕ್ಕ ಕೈಗೆ ಸಿಗಲಿ ಎಂದು ಒಂದು ಮಾದರಿ ಗುಂಪನ್ನು ಇಟ್ಟುಕೊಳ್ಳೋಣ. ಒಂದೇ ವಾರ್ಡಿನ ಇಪ್ಪತ್ತು ಜನ, 17ರಿಂದ 22 ವರ್ಷದವರು. ಹನ್ನೊಂದು ಹುಡುಗಿಯರು, ಒಂಬತ್ತು ಹುಡುಗರು. ಎಲ್ಲರಿಗೂ ಗಣಿತ ಬಾಕಿ, ಕೆಲವರಿಗೆ ಜೊತೆಗೆ ವಿಜ್ಞಾನ. ವರ್ಷದ ಮೊದಲ ಎಸ್ಸೆಸ್ಸೆಲ್ಸಿ ಪರೀಕ್ಷೆಯಾದ ಮಾರ್ಚ್‌ನ ಪರೀಕ್ಷೆ-1ಕ್ಕೆ ಉಳಿದಿರುವುದು 14 ವಾರ. ಮನೆಮಾತು ಕೆಲವರಿಗೆ ದಖನಿ ಉರ್ದು, ಕೆಲವರಿಗೆ ತೆಲುಗು. ಶಾಲೆಯಲ್ಲಿ ಓದಿದ್ದು ಕನ್ನಡ ಮಾಧ್ಯಮ, ನಾಲ್ವರದು ಉರ್ದು ಮಾಧ್ಯಮ.

ಫೋನು ಯಾರದು, ಯಾವ ಹೊತ್ತಿಗೆ ಯಾರ ಕೈಯಲ್ಲಿ

"ನಿಮ್ಮ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯೇ?" ಎಂದು ಕೇಳಿದರೆ ಬಹುತೇಕ ಎಲ್ಲರೂ ಹೌದೆನ್ನುತ್ತಾರೆ. ಆ ಉತ್ತರವನ್ನು ನಂಬಿ ಹೊರಟ ಯೋಜನೆ ಮೂರನೇ ವಾರಕ್ಕೆ ಮುಗ್ಗರಿಸುತ್ತದೆ. ಕೇಳಬೇಕಾದ್ದು ಬೇರೆಯೇ ಇದೆ. ಬೆಳಗ್ಗೆ ಆರಕ್ಕೆ ಆ ಫೋನ್ ಎಲ್ಲಿರುತ್ತದೆ, ಮಧ್ಯಾಹ್ನ ಮೂರಕ್ಕೆ ಎಲ್ಲಿ, ರಾತ್ರಿ ಒಂಬತ್ತಕ್ಕೆ ಎಲ್ಲಿ? ರೀಚಾರ್ಜ್ ಯಾರು ಹಾಕಿಸುತ್ತಾರೆ? ಪರದೆಯ ಬೀಗ ಯಾರಿಗೆ ಗೊತ್ತು? ಮೆಮೊರಿಯಲ್ಲಿ ಎಷ್ಟು ಜಾಗ ಖಾಲಿ? ಫೋನ್ ಕೆಟ್ಟರೆ ಸುದ್ದಿ ಮುಟ್ಟಿಸಲು ಇನ್ನೊಂದು ನಂಬರ್ ಯಾವುದು? ಈ ಪ್ರಶ್ನೆಗಳನ್ನು ಮನೆಗೆ ಹೋಗಿ, ಫೋನನ್ನು ಕಣ್ಣೆದುರು ಇಟ್ಟುಕೊಂಡೇ ಕೇಳಬೇಕು.

ನಮ್ಮ ಮಾದರಿ ಗುಂಪಿನಲ್ಲಿ ಸ್ವಂತ ಸ್ಮಾರ್ಟ್‌ಫೋನ್ ಏಳು ಜನಕ್ಕೆ. ಅದರಲ್ಲಿ ಆರು ಹುಡುಗರು. ಒಂಬತ್ತು ಜನ ಅಪ್ಪನ, ಅಣ್ಣನ ಅಥವಾ ಅಮ್ಮನ ಫೋನ್ ಹಂಚಿಕೊಳ್ಳುವವರು. ಉಳಿದ ನಾಲ್ವರ ಮನೆಯಲ್ಲಿರುವುದು ಕೀಪ್ಯಾಡ್ ಫೋನ್ ಮಾತ್ರ. ಹಳೆಯ ಜಿಯೋಫೋನ್ ಕೂಡ ಈಗ ಈ ಸಾಲಿಗೇ ಸೇರುತ್ತದೆ, ಅದರಲ್ಲಿ ವಾಟ್ಸ್ಆಪ್ ನಿಂತುಹೋಗಿದೆ.

ಹಂಚಿಕೊಂಡ ಫೋನಿನ ದಿನಚರಿಯನ್ನು ಗೂಡಿನ ಮಾರುಕಟ್ಟೆಯೇ ನಿರ್ಧರಿಸುತ್ತದೆ. ಸರ್ಕಾರಿ ಗೂಡು ಮಾರುಕಟ್ಟೆಯಲ್ಲಿ ಈಗ ಇ-ಹರಾಜು. ಗೂಡು ಕೊಂಡು ನೂಲು ತೆಗೆಸುವ ರೀಲರು ಬಿಡ್ ಕೂಗುವುದು ಮೊಬೈಲಿನಲ್ಲೇ. ಹಾಗಾಗಿ ರೀಲರ ಮನೆಯ ಫೋನ್ ಬೆಳಗಿನಿಂದ ಮಾರುಕಟ್ಟೆಯಲ್ಲಿ, ಆಮೇಲೆ ಹಣ ಕಳಿಸುವ ಕೆಲಸದಲ್ಲಿ. ಇತ್ತ ಘಟಕದಲ್ಲಿ ಕೆಲಸ ಶುರುವಾಗುವುದು ನಸುಕಿನಲ್ಲಿ. ಬಿಸಿನೀರಿನ ಬೇಸಿನ್ನಿನಲ್ಲಿ ಬೆಂದ ಗೂಡಿನ ಎಳೆ ಹುಡುಕುವ ಕೈ ದಿನವಿಡೀ ಒದ್ದೆ. ಒದ್ದೆ ಬೆರಳಿಗೆ ಟಚ್‌ಸ್ಕ್ರೀನ್ ಒಲಿಯುವುದಿಲ್ಲ. ತಿರುಗುವ ರಾಟೆಯ ಪಕ್ಕ ಇಯರ್‌ಫೋನ್ ಹಾಕಿಕೊಂಡು ಪಾಠ ಕೇಳಿ ಎನ್ನುವುದಂತೂ ಅಪಾಯದ ಸಲಹೆ. ವೈರು ಸಿಕ್ಕಿಕೊಳ್ಳುತ್ತದೆ, ಪಕ್ಕದವರು ಕೂಗಿದ್ದು ಕೇಳಿಸುವುದಿಲ್ಲ. "ಕೆಲಸ ಮಾಡುತ್ತಲೇ ಕಲಿಕೆ" ಎಂಬ ಮಾತು ಪ್ರಸ್ತಾವನೆಯ ಕಾಗದದಲ್ಲಿ ಚೆಂದ, ನೂಲು ಬಿಚ್ಚುವ ಘಟಕದೊಳಗೆ ಅಲ್ಲ.

ಫೋನಿನ ಬಿಡುವು ಮತ್ತು ಕೈಯ ಬಿಡುವು ಎರಡೂ ಕೂಡುವುದು ರಾತ್ರಿ ಎಂಟೂಕಾಲರಿಂದ ಒಂಬತ್ತರವರೆಗೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಯೋಜನೆಯ ಮಿಕ್ಕ ಎಲ್ಲ ಲೆಕ್ಕವೂ ಈ ಮುಕ್ಕಾಲು ಗಂಟೆಯಿಂದ ಹುಟ್ಟಬೇಕು.

ಮೊದಲು ನೋಂದಣಿ, ಆಮೇಲೆ ಪಾಠ

ಪುನರಾವರ್ತಿತ ಅಭ್ಯರ್ಥಿಗಳು ತಾವು ಓದಿದ ಶಾಲೆಯ ಮೂಲಕವೇ ನೋಂದಾಯಿಸಿಕೊಳ್ಳಬೇಕು. ಗಡುವು ಪರೀಕ್ಷೆಗಿಂತ ತಿಂಗಳುಗಳ ಮೊದಲೇ ಮುಗಿಯುತ್ತದೆ, ಸುತ್ತೋಲೆ ಶಾಲೆಗೆ ಬರುತ್ತದೆಯೇ ಹೊರತು ಘಟಕಕ್ಕಲ್ಲ. ಚೆನ್ನಾಗಿ ಓದಿಯೂ ಕೂರಲಾಗದವರು ಸಿಕ್ಕಿಬೀಳುವುದು ಇಲ್ಲಿ. ಆದ್ದರಿಂದ ಮೊದಲ ವಾರ ಪಾಠವೇ ಇಲ್ಲ. ಹಳೆಯ ಅಂಕಪಟ್ಟಿಯ ಫೋಟೊ, ನೋಂದಣಿ ಸಂಖ್ಯೆ, ಯಾವ ವಿಷಯ ಬಾಕಿ, ಶುಲ್ಕ ಕಟ್ಟಿದ ರಸೀದಿ ಇವಿಷ್ಟು ಸೇರಬೇಕು. ಪಾಸಿನ ಅಂಕದ ನಿಯಮವೂ ಈಚೆಗೆ ಬದಲಾಗುತ್ತಿದೆ. ಹೋದ ವರ್ಷದ ಲೆಕ್ಕ ಹೇಳದೆ ಮಂಡಳಿಯ ಆ ವರ್ಷದ ಸುತ್ತೋಲೆಯನ್ನೇ ಓದಿಹೇಳುವುದು ಕ್ಷೇಮ.

18 ತುಂಬದವರಿಗೆ ತಂದೆತಾಯಿಯ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಬೇಕು. ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯ್ದೆ ಕೂಡ ಮಕ್ಕಳ ಮಾಹಿತಿ ಇಟ್ಟುಕೊಳ್ಳಲು ಪೋಷಕರ ಸಮ್ಮತಿ ಕೇಳುತ್ತದೆ. ಒಪ್ಪಿಗೆ ಕೇಳುವಾಗ ಮನೆಯವರ ಹಿಂಜರಿಕೆಯ ನಿಜವಾದ ಕಾರಣ ಹೊರಬೀಳುತ್ತದೆ. "ಹುಡುಗಿ ಫೋನ್ ಹಿಡಿದರೆ ಕೆಡುತ್ತಾಳೆ" ಎಂಬುದು ಬಾಯಲ್ಲಿ ಬರುವ ಮಾತು. ಅದರ ಹಿಂದೆ ಮತ್ತೊಂದು ಭಯವಿದೆ: ಅದೇ ಫೋನಿನಲ್ಲಿ ಗೂಡಿನ ದುಡ್ಡಿದೆ. ಯುಪಿಐ, ಹರಾಜಿನ ಆಪ್, ಬ್ಯಾಂಕಿನ ಒಟಿಪಿ ಎಲ್ಲ ಅದರಲ್ಲೇ. ಅಪ್ಪನ ಎದುರೇ ಹಣದ ಆಪ್‌ಗಳಿಗೆ ಬೇರೆ ಬೀಗ ಹಾಕಿಕೊಡಿ, ಯಾವ ಲಿಂಕನ್ನೂ ಒತ್ತಬಾರದು ಎಂಬುದನ್ನು ತೋರಿಸಿಕೊಡಿ. ಅರ್ಧ ಗಂಟೆಯ ಕೆಲಸ. ಸ್ತ್ರೀ ಶಿಕ್ಷಣದ ಭಾಷಣಕ್ಕಿಂತ ಇದು ಬೇಗ ಬಾಗಿಲು ತೆರೆಸುತ್ತದೆ.

64 ಕೆಬಿಪಿಎಸ್‌ಗೆ ಹೊಂದುವ ಪಾಠ

ದಿನಕ್ಕೆ ಒಂದೂವರೆ ಜಿಬಿ ಇರುವ ಪ್ಲಾನಿನಲ್ಲಿ ಡೇಟಾ ಬರ ಎಲ್ಲಿಂದ ಎಂದು ಕೇಳುವವರಿದ್ದಾರೆ. ಬೆಳಗಿನ ಫೋನಿಗೆ ಬರವಿಲ್ಲ. ರಾತ್ರಿ ಎಂಟಕ್ಕೆ ಮನೆಗೆ ಬರುವ ಫೋನ್, ಅಣ್ಣ ರೀಲ್ಸೂ ಕ್ರಿಕೆಟ್ಟೂ ನೋಡಿ ಮುಗಿಸಿದ ಫೋನ್. ದಿನದ ಮಿತಿ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ (ಸೆಕೆಂಡಿಗೆ 64 ಕಿಲೊಬಿಟ್) ಇಳಿಯುತ್ತದೆ. ಪಾಠ ತಯಾರಿಸುವವರು ಕಣ್ಣಮುಂದೆ ಇಟ್ಟುಕೊಳ್ಳಬೇಕಾದ ವೇಗ ಇದೇ.

ವಾಟ್ಸ್ಆಪ್‌ನ ಧ್ವನಿ ಸಂದೇಶ ಸೆಕೆಂಡಿಗೆ ಸುಮಾರು 16 ಕಿಲೊಬಿಟ್ (ಎಂಟು ಬಿಟ್‌ಗೆ ಒಂದು ಬೈಟ್), ಅಂದರೆ ನಿಮಿಷಕ್ಕೆ ಹೆಚ್ಚುಕಡಿಮೆ 120 ಕೆಬಿ. ಮೂರು ನಿಮಿಷದ ಪಾಠ 360 ಕೆಬಿ. 64 ಕೆಬಿಪಿಎಸ್‌ನಲ್ಲಿ ಅದು ಇಳಿಯಲು 45 ಸೆಕೆಂಡ್ ಸಾಕು. ಅದೇ ಹತ್ತು ನಿಮಿಷದ ವಿಡಿಯೊ, 600 ಕೆಬಿಪಿಎಸ್ ಎಂದು ಹಿಡಿದರೂ, 45 ಎಂಬಿ. ಅದಕ್ಕೆ ಬೇಕಾದ್ದು ಒಂದೂವರೆ ಗಂಟೆಗೂ ಹೆಚ್ಚು. ಮುಕ್ಕಾಲು ಗಂಟೆಯ ಬಿಡುವಿನಲ್ಲಿ ಅರ್ಧ ವಿಡಿಯೊ ಮಾತ್ರ ಇಳಿದಿರುತ್ತದೆ.

ಹೀಗಾಗಿ ಒಂದು ಪಾಠ ಎಂದರೆ ಮೂರು ನಿಮಿಷ ಮೀರದ ಒಂದು ಧ್ವನಿ, 200 ಕೆಬಿಯ ಒಂದು ಫೋಟೊ, ಒಂದೇ ಪ್ರಶ್ನೆ. ವಾರಕ್ಕೆ ನಾಲ್ಕು ಪಾಠ, ಒಟ್ಟು 2.24 ಎಂಬಿ. ವಿದ್ಯಾರ್ಥಿಯಿಂದ ಪ್ರತಿ ಪಾಠಕ್ಕೆ ನೋಟ್‌ಬುಕ್ಕಿನ ಒಂದು ಫೋಟೊ, ಒಂದು ನಿಮಿಷದ ಮಾತು ವಾಪಸು, ಅದು 1.28 ಎಂಬಿ. ಹದಿನಾಲ್ಕು ವಾರ ಪೂರಾ ನಡೆಸಿದರೂ ಒಬ್ಬರಿಗೆ 50 ಎಂಬಿ ದಾಟುವುದಿಲ್ಲ. ಒಂದೇ ಒಂದು ವಿಡಿಯೊದಷ್ಟು.

ಶಾಲಾ ಪಾಠಗಳ ಸರ್ಕಾರಿ ಆಪ್ ದೀಕ್ಷಾದಲ್ಲಿ ಒಳ್ಳೆಯ ವಿಡಿಯೊಗಳಿವೆ, ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡ್ ಅಚ್ಚಾಗಿದೆ, ಇಳಿಸಿಟ್ಟುಕೊಂಡು ಇಂಟರ್‌ನೆಟ್ ಇಲ್ಲದೆಯೂ ನೋಡಬಹುದು. ಅವನ್ನು ಬಿಡಬೇಕಿಲ್ಲ. ಭಾನುವಾರ ಎಲ್ಲರೂ ಸೇರಿದಾಗ ಒಂದೇ ಫೋನಿನಲ್ಲಿ ಇಳಿಸಿಟ್ಟದ್ದನ್ನು ಹಾಕಿ ತೋರಿಸಬಹುದು, ಮೆಮೊರಿ ಕಾರ್ಡಿನಿಂದ ಹಂಚಬಹುದು. ರಾತ್ರಿಯ ಪಾಠಕ್ಕೆ ಮಾತ್ರ ಅವು ಬೇಡ.

ಇದರ ಜೊತೆಗೆ ಕಾಗದ ಇರಲೇಬೇಕು. ಗಣಿತವನ್ನು ಬರೀ ಮಾತಿನಲ್ಲಿ ಹೇಳಲು ಹೋದರೆ ಏನಾಗುತ್ತದೆ ನೋಡಿ: "ಎರಡು ಕೂಡಿಸು ಮೂರರ ವರ್ಗ" ಎಂದರೆ ಒಬ್ಬರಿಗೆ 11, ಇನ್ನೊಬ್ಬರಿಗೆ 25. ಆದ್ದರಿಂದ ಧ್ವನಿಯಲ್ಲಿ ಸಮೀಕರಣ ಓದಬಾರದು, ಬೆರಳು ಎಲ್ಲಿಡಬೇಕು ಎಂದಷ್ಟೇ ಹೇಳಬೇಕು. "ಪುಟ 4, ಮೂರನೇ ಸಾಲಿಗೆ ಬೆರಳಿಡಿ. ಅಲ್ಲಿ ಆವರಣ ಇದೆಯಾ? ಅದರ ಒಳಗಿನದು ಮೊದಲು." ವಾರಕ್ಕೆ 16 ಪುಟದ ಕೈಪುಸ್ತಕ ಒಬ್ಬೊಬ್ಬರಿಗೂ. ಇಪ್ಪತ್ತು ಜನಕ್ಕೆ 14 ವಾರಕ್ಕೆ 4,480 ಪುಟ. ಪುಟಕ್ಕೆ ಒಂದೂವರೆ ರೂಪಾಯಿ ಜೆರಾಕ್ಸ್ ಎಂದರೆ 6,720 ರೂಪಾಯಿ. ಮೊಬೈಲ್ ಯೋಜನೆಯಲ್ಲಿ ಡೇಟಾಗಿಂತ ಕಾಗದದ ಖರ್ಚೇ ಹೆಚ್ಚು ಎಂದರೆ ದಾನಿಗಳು ಹುಬ್ಬೇರಿಸುತ್ತಾರೆ. ಏರಿಸಲಿ.

ಧ್ವನಿ ಸಂದೇಶಕ್ಕೆ ಹೆಸರಿರುವುದಿಲ್ಲ. ಮೂರು ವಾರದ ನಂತರ ಹಿಂದಿನ ಪಾಠ ಹುಡುಕಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಬೇರೆ ರೆಕಾರ್ಡರಿನಲ್ಲಿ ಮುದ್ರಿಸಿ ಹೆಸರಿಟ್ಟು ಕಳಿಸೋಣವೆಂದರೆ, 128 ಕೆಬಿಪಿಎಸ್‌ನಲ್ಲಿ ಉಳಿದ ಕಡತ ಮೂರು ನಿಮಿಷಕ್ಕೆ 2.9 ಎಂಬಿ, ಎಂಟು ಪಟ್ಟು ಭಾರ. ಸುಲಭದ ದಾರಿ ಬೇರೆ ಇದೆ. ಮೊದಲು "ಗಣಿತ 07 – ಶ್ರೇಢಿ – ಪುಟ 22" ಎಂದು ಒಂದು ಸಾಲು ಕಳಿಸಿ, ಆ ಸಾಲಿಗೆ ಉತ್ತರವಾಗಿ ಧ್ವನಿ ಕಳಿಸಬೇಕು. ಕೈಪುಸ್ತಕದಲ್ಲೂ ಅದೇ 07 ಇರಬೇಕು.

ಮಾರುಕಟ್ಟೆ ಬೋರ್ಡಿನ ಸರಾಸರಿ

ಕೆಲಸದಿಂದ ಬಂದ ಯುವಕನಿಗೆ ಎಂಟನೇ ತರಗತಿಯ ಲೆಕ್ಕದಿಂದ ಶುರುಮಾಡಿದರೆ ಅವಮಾನ, ಹತ್ತನೆಯದರಿಂದ ಶುರುಮಾಡಿದರೆ ಕತ್ತಲೆ. ಇವರಿಗೆ ಈಗಾಗಲೇ ಬರುವ ಲೆಕ್ಕ ಯಾವುದು ಎಂದು ಹುಡುಕುವುದೇ ಪಾಠದ ಅರ್ಧ ಕೆಲಸ.

ರೀಲಿಂಗ್ ಘಟಕದಲ್ಲಿ ದಿನವೂ ಬಾಯಲ್ಲಾಡುವ ಮಾತು ರೆಂಡಿಟ್ಟ, ಅಂದರೆ ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕಾಯಿತು ಎಂಬುದು. 50 ಕೆಜಿ ಗೂಡಿಗೆ 7 ಕೆಜಿ ನೂಲು ಬಂದರೆ ರೆಂಡಿಟ್ಟ 7.14. ಅದೇ ಗೂಡಿನಿಂದ 12 ಕೆಜಿ ನೂಲು ತೆಗೆಯಲು ಎಷ್ಟು ಗೂಡು? ಪುಸ್ತಕದ ಅನುಪಾತದ ಲೆಕ್ಕಕ್ಕೆ ತಲೆ ಕೆರೆಯುವವರು ಇದನ್ನು ಬಾಯಲ್ಲೇ 86ರ ಹತ್ತಿರ ಎಂದುಬಿಡುತ್ತಾರೆ. ನೂಲಿನ ದಪ್ಪ ಹೇಳುವ ಡೀನಿಯರ್ ಕೂಡ ಹಾಗೆಯೇ. 9,000 ಮೀಟರ್ ನೂಲು 20 ಗ್ರಾಂ ತೂಗಿದರೆ 20 ಡೀನಿಯರ್. ಹಾಗಾದರೆ 450 ಮೀಟರಿಗೆ ಎಷ್ಟು ಗ್ರಾಂ?

ಸಂಖ್ಯಾಶಾಸ್ತ್ರದ ಅಧ್ಯಾಯಕ್ಕಂತೂ ಗೂಡು ಮಾರುಕಟ್ಟೆಯ ದರದ ಬೋರ್ಡಿಗಿಂತ ಒಳ್ಳೆಯ ಪೀಠಿಕೆ ಸಿಗಲಾರದು. ಅಲ್ಲಿ ದಿನವೂ ಗರಿಷ್ಠ, ಕನಿಷ್ಠ, ಸರಾಸರಿ ಎಂದು ಮೂರು ದರ. ಐದು ಲಾಟಿನ (ಒಟ್ಟಿಗೆ ಹರಾಜಾಗುವ ಗೂಡಿನ ರಾಶಿ) ದರ 480, 510, 455, 530, 495 ಎಂದಿಟ್ಟುಕೊಳ್ಳಿ. ಸರಾಸರಿ 494, ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವ ಮಧ್ಯಾಂಕ 495. ಮುಂದಿನ ಹೆಜ್ಜೆಯೇ ಮುಖ್ಯ. 40 ಕೆಜಿ ಲಾಟು 480ಕ್ಕೆ, 60 ಕೆಜಿ ಲಾಟು 530ಕ್ಕೆ ಹೋದರೆ ಸರಾಸರಿ 505 ಎನ್ನುವುದು ತಪ್ಪು. 19,200 ಮತ್ತು 31,800 ಕೂಡಿಸಿ 100ರಿಂದ ಭಾಗಿಸಿದರೆ 510. ದರವನ್ನು ತೂಕದಿಂದ ಗುಣಿಸಬೇಕೆಂದು ರೀಲರ ಮನೆಯ ಮಗುವಿಗೂ ಗೊತ್ತು. ತೂಕದ ಜಾಗದಲ್ಲಿ "ಆವೃತ್ತಿ" ಎಂದು ಬರೆದರೆ ಅದು ವರ್ಗೀಕೃತ ದತ್ತಾಂಶದ ಸರಾಸರಿಯ ಸೂತ್ರವೇ. ಪರೀಕ್ಷೆಯಲ್ಲಿ ಅಂಕ ತರುವ ಪ್ರಶ್ನೆ ಅದು.

ವಿವರಣೆ ದಖನಿಯಲ್ಲೋ ತೆಲುಗಿನಲ್ಲೋ ಇರಲಿ, ತೊಂದರೆಯಿಲ್ಲ. ಆದರೆ ಸಾಮಾನ್ಯ ವ್ಯತ್ಯಾಸ, ಬಹುಲಕ, ಮಧ್ಯಾಂಕ ಇಂಥ ಪದಗಳನ್ನು ಪ್ರಶ್ನೆಪತ್ರಿಕೆಯ ಭಾಷೆಯಲ್ಲೇ ಮತ್ತೆ ಮತ್ತೆ ಹೇಳಿಸಬೇಕು. ಉರ್ದು ಮಾಧ್ಯಮದ ನಾಲ್ವರಿಗೆ ಉರ್ದು ಪಠ್ಯದ ಪದಗಳಿಂದ ಬೇರೆ ಕೈಪುಸ್ತಕವೇ ಬೇಕು. ಇಲ್ಲಿ ಉಳಿತಾಯ ಮಾಡಹೋದರೆ ಆ ನಾಲ್ವರು ಎರಡನೇ ವಾರಕ್ಕೆ ಸದ್ದಿಲ್ಲದೆ ಹಿಂದೆ ಉಳಿಯುತ್ತಾರೆ.

ಕೀಪ್ಯಾಡಿನ ನಾಲ್ವರು

2020ರ ಕೊರೋನಾ ಕಾಲದಲ್ಲಿ ರಾಜ್ಯದ ವಿದ್ಯಾಗಮ ಕಾರ್ಯಕ್ರಮ ಮಕ್ಕಳನ್ನು ಫೋನಿನ ಮೇಲೆ ವಿಂಗಡಿಸಿತ್ತು: ಇಂಟರ್‌ನೆಟ್ ಇರುವವರು, ಬರೀ ಫೋನ್ ಇರುವವರು, ಏನೂ ಇಲ್ಲದವರು. ಆ ವಿಂಗಡಣೆಯ ಬುದ್ಧಿ ಇಂದಿಗೂ ಸರಿ. ಅಲ್ಲದೆ 2024ರ ಜುಲೈನ ಮೊಬೈಲ್ ದರ ಏರಿಕೆ, ಆ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ಹೊರಡಿಸಿದ ಆದೇಶದ ನಂತರ ಬಂದ ಮಾತು-ಎಸ್ಸೆಮ್ಮೆಸ್ ಮಾತ್ರದ ಪ್ಲಾನ್‌ಗಳು, ಇವೆರಡರಿಂದ ಸ್ಮಾರ್ಟ್‌ಫೋನ್ ಇದ್ದೂ ಡೇಟಾ ಇಲ್ಲದ ಮನೆಗಳು ಇರಬಲ್ಲವು. ಅವನ್ನೂ ಇದೇ ಗುಂಪಿಗೆ ಸೇರಿಸಿಕೊಳ್ಳಬೇಕು.

ಇಂಥವರಿಗೆ ಮಿಸ್ಡ್ ಕಾಲ್ ಕೊಟ್ಟರೆ ತಾನೇ ಕರೆ ಮಾಡಿ ಪಾಠ ಕೇಳಿಸುವ ಯಂತ್ರಗಳಿವೆ. ನೂರಾರು ಜನರಿದ್ದರೆ ಸರಿ. ನಾಲ್ವರಿಗೆ ಅದರ ಗೋಜೇ ಬೇಡ. ಸಾಮಾನ್ಯ ಆಂಡ್ರಾಯ್ಡ್ ಫೋನಿನಿಂದ ಒಮ್ಮೆಗೆ ಐದು ಜನರವರೆಗೆ ಕಾನ್ಫರೆನ್ಸ್ ಕರೆ ಮಾಡಬಹುದು, ಒಳಬರುವ ಕರೆಗೆ ವಿದ್ಯಾರ್ಥಿಗೆ ಖರ್ಚಿಲ್ಲ. ವಾರಕ್ಕೆ ಎರಡು ಸಲ, 20 ನಿಮಿಷ, ಕೈಪುಸ್ತಕ ಎದುರಿಟ್ಟುಕೊಂಡು. ಒಬ್ಬರ ಮನೆಯ ಟೀವಿ ಸದ್ದು ಎಲ್ಲರಿಗೂ ಕೇಳುತ್ತದೆ, ಆದ್ದರಿಂದ ಮಾತಾಡದವರು ಮೈಕ್ ಮುಚ್ಚುವ ಗುಂಡಿ ಯಾವುದೆಂದು ಮೊದಲೇ ಕಲಿಸಿರಬೇಕು. ಹಾಗೆ ನೋಡಿದರೆ ಮಾತು ಎರಡೂ ಕಡೆಯಿಂದ ಹರಿಯುವ ಈ ಬಡ ವಿಧಾನದಲ್ಲಿ ಕಲಿಕೆ ವಾಟ್ಸ್ಆಪ್‌ನವರಿಗಿಂತ ಕಡಿಮೆಯಾಗಲು ಕಾರಣವಿಲ್ಲ.

ಎಳೆ ಎಲ್ಲಿ ಕಡಿಯುತ್ತದೆ

ಮೊದಲನೆಯದು ಗುಂಪು. ಎಲ್ಲರನ್ನೂ ಒಂದೇ ವಾಟ್ಸ್ಆಪ್ ಗುಂಪಿಗೆ ಹಾಕುವುದು ಎಲ್ಲರೂ ಮಾಡುವ ಮೊದಲ ಕೆಲಸ. ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಒಬ್ಬ ಹುಡುಗಿಗೆ ರಾತ್ರಿ ಹತ್ತಕ್ಕೆ ಒಂದು "ಹಾಯ್" ಬಂದರೆ ಸಾಕು, ಮರುದಿನ ಆಕೆಯಷ್ಟೇ ಅಲ್ಲ, ಅದೇ ಓಣಿಯ ಇನ್ನಿಬ್ಬರೂ ಹೊರಗೆ. ವಾಟ್ಸ್ಆಪ್ ಕಮ್ಯುನಿಟಿಯ ಪ್ರಕಟಣೆ ವಿಭಾಗದಲ್ಲಿ ಸದಸ್ಯರ ನಂಬರ್ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ, ಅದು ಆಗಬಹುದು. ಬ್ರಾಡ್‌ಕಾಸ್ಟ್ ಪಟ್ಟಿಯೂ ಆಗಬಹುದು, ಆದರೆ ಕಳಿಸುವವರ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಫೋನ್ ರಿಪೇರಿಗೆ ಹೋಗಿ ನಂಬರುಗಳೆಲ್ಲ ಅಳಿಸಿಹೋದ ಮನೆಗೆ ಪಾಠ ನಿಂತುಹೋಗುತ್ತದೆ, ಎರಡೂ ಕಡೆಯವರಿಗೆ ಸುಳಿವಿರುವುದಿಲ್ಲ. ಎರಡು ದಿನ ಒಂದೇ ಟಿಕ್ ಕಂಡರೆ ಕರೆ ಮಾಡಿ ವಿಚಾರಿಸಬೇಕು.

ನೀಲಿ ಟಿಕ್ ಕಂಡರೆ ಪಾಠ ಮುಟ್ಟಿತು ಎಂದುಕೊಳ್ಳುವುದು ಇನ್ನೊಂದು ಮೋಸ. ಹಂಚಿಕೊಂಡ ಫೋನಿನಲ್ಲಿ ಅದನ್ನು ತೆರೆದದ್ದು ತಮ್ಮ ಇರಬಹುದು. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ವಾಪಸು ಬಂದ ನೋಟ್‌ಬುಕ್ ಫೋಟೊ ಮಾತ್ರ. ಈಗ ಪ್ರಶ್ನೆಯ ಫೋಟೊ ತೆಗೆದರೆ ಉತ್ತರ ಬರೆದುಕೊಡುವ ಆಪ್‌ಗಳಿರುವುದರಿಂದ ಫೋಟೊ ಒಂದೇ ಸಾಲದು. "ಮೂರನೇ ಸಾಲಿನಲ್ಲಿ ಚಿಹ್ನೆ ಯಾಕೆ ಬದಲಾಯಿತು, ಹೇಳು" ಎಂದು ಒಂದು ನಿಮಿಷದ ಮಾತು ಕೇಳುವುದು ಅದಕ್ಕೇ. ನಕಲು ಮಾಡಿದವರು ಆ ಸಾಲಿನಲ್ಲಿ ತಡವರಿಸುತ್ತಾರೆ. ಅವರನ್ನು ಗದರಬೇಕಿಲ್ಲ, ಎಲ್ಲಿಂದ ಕಲಿಸಬೇಕೆಂದು ಅದರಿಂದಲೇ ಗೊತ್ತಾಯಿತಲ್ಲ.

ಮೂರು-ನಾಲ್ಕನೇ ವಾರದಲ್ಲಿ ಉತ್ತರ ಕಳಿಸುವವರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಯುವಜನರ ಆಸಕ್ತಿಯನ್ನು ದೂರುವ ಮೊದಲು ಕಳಿಸಿದ್ದಕ್ಕೆ ಉತ್ತರ ಯಾವಾಗ ಹೋಯಿತು ಎಂದು ನೋಡಬೇಕು. ಇಪ್ಪತ್ತು ಜನ, ವಾರಕ್ಕೆ ನಾಲ್ಕು ಉತ್ತರ, ಒಂದೊಂದಕ್ಕೆ ಮೂರು ನಿಮಿಷ ಎಂದರೆ ನಾಲ್ಕು ಗಂಟೆ. ಪಾಠ ಮುದ್ರಿಸಲು ಮೂರು ಗಂಟೆ, ಭಾನುವಾರದ ಭೇಟಿಗೆ ಮೂರು. ವಾರಕ್ಕೆ ಹತ್ತು ಗಂಟೆ ಕೊಡಬಲ್ಲ, ಸಂಭಾವನೆ ಪಡೆಯುವ, ಓಣಿಯ ಭಾಷೆ ಬಲ್ಲ ಒಬ್ಬರು ಬೇಕು. ಪದವಿ ಓದುತ್ತಿರುವ ಸ್ಥಳೀಯ ಹುಡುಗಿಯಾದರೆ ಇನ್ನೂ ಒಳ್ಳೆಯದು. ಅದೇ ವ್ಯಕ್ತಿಗೆ 60 ಜನರನ್ನು ಒಪ್ಪಿಸಿದರೆ ಉತ್ತರಕ್ಕೇ 12 ಗಂಟೆ. ಆಗ ಅವರು ಹೆಬ್ಬೆರಳಿನ ಚಿಹ್ನೆ ಒತ್ತತೊಡಗುತ್ತಾರೆ, ವಿದ್ಯಾರ್ಥಿ ಕಳಿಸುವುದನ್ನು ನಿಲ್ಲಿಸುತ್ತಾನೆ. ತಂತ್ರಜ್ಞಾನದಿಂದ ಸಾವಿರಾರು ಜನರನ್ನು ತಲುಪಬಹುದು ಎನ್ನುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿನೋಡಬೇಕು.

ರೀಚಾರ್ಜ್ ವಿಚಾರ. 28 ದಿನದ ಪ್ಲಾನ್ ಮುಗಿದಾಗ ಮನೆಯವರು ನಾಲ್ಕಾರು ದಿನ ತಡೆಯುತ್ತಾರೆ. ಮೂರು ತಿಂಗಳದ್ದನ್ನು ಒಟ್ಟಿಗೆ ಹಾಕಿಸಿಕೊಟ್ಟರೆ ಅದು ಮನೆಯ ರೀಚಾರ್ಜ್ ಆಗುತ್ತದೆ, ಪಾಠದ್ದಲ್ಲ. ಮಿತಿ ಮುಗಿದ ರಾತ್ರಿಗೆಂದು ಸಣ್ಣ ಡೇಟಾ ವೋಚರನ್ನು ಭಾನುವಾರ ಬಂದವರಿಗೆ ಹಾಕಿಕೊಡುವುದು ಮೇಲು.

ಭಾನುವಾರದ ಭೇಟಿಯನ್ನು ಕೈಬಿಡುವ ಆಸೆ ಎಲ್ಲರಿಗೂ ಬರುತ್ತದೆ, ಫೋನಿದೆಯಲ್ಲ ಎಂದು. ಗ್ರಾಫ್ ಎಳೆಯುವುದು, ಪ್ರಮೇಯದ ಚಿತ್ರ ಇವು ಕೈ ಹಿಡಿದು ಕಲಿಸಬೇಕಾದವು. ಗ್ರಂಥಾಲಯದ ಕೋಣೆಯೋ ಅಂಗನವಾಡಿಯೋ, ಮೂರು ಗಂಟೆ ಸಾಕು. ಫೋನ್ ಇರುವುದು ಎರಡು ಭಾನುವಾರಗಳ ನಡುವೆ ಎಳೆ ಕಡಿಯದಂತೆ ನೋಡಿಕೊಳ್ಳಲು.

ಕ್ಯಾಲೆಂಡರನ್ನೂ ಎದುರಿಗಿಟ್ಟುಕೊಳ್ಳಬೇಕು. ಗೂಡಿನ ದರ ಇಳಿದ ವಾರ ರೀಲರು ಹೆಚ್ಚು ಕೊಳ್ಳುತ್ತಾರೆ, ಘಟಕದ ಕೆಲಸ ರಾತ್ರಿಗೂ ಚಾಚುತ್ತದೆ. ಆ ವಾರ ನಾಲ್ಕರ ಬದಲು ಎರಡೇ ಪಾಠ. 2025ರಲ್ಲಿ ರಂಜಾನ್ ಮಾರ್ಚ್ ತಿಂಗಳನ್ನೇ ಹಿಡಿದಿತ್ತು, ಪರೀಕ್ಷೆಯೂ ಅದೇ ತಿಂಗಳು ಶುರುವಾಯಿತು. ಅಂಥ ವರ್ಷ ಎಂಟೂಕಾಲಕ್ಕೆ ರಂಜಾನ್ ರಾತ್ರಿಯ ತರಾವೀಹ್ ನಮಾಜಿನ ಹೊತ್ತು, ಪಾಠ ಹತ್ತಕ್ಕೋ ಸಹರಿಯ (ಉಪವಾಸಕ್ಕೆ ಮುಂಚಿನ ನಸುಕಿನ ಊಟ) ನಂತರಕ್ಕೋ ಹೋಗಬೇಕು. ಯಾವುದು ಎಂಬುದನ್ನು ಆಯಾ ಮನೆಯವರೇ ಹೇಳಲಿ.

ಕೊನೆಯ ವಾರ ಹೊಸ ಪಾಠ ಕಳಿಸಬಾರದು. ಪ್ರವೇಶಪತ್ರದ ಫೋಟೊ, ಕೇಂದ್ರದ ಹೆಸರು, ಬಸ್ಸಿನ ಹೊತ್ತು, ಆ ದಿನದ ರಜೆಯ ಬಗ್ಗೆ ಘಟಕದ ಮಾಲೀಕರ ಜೊತೆ ಒಂದು ಮಾತು ಇಷ್ಟೇ. "ಪ್ರಶ್ನೆಪತ್ರಿಕೆ ಸೋರಿಕೆ, 500 ರೂಪಾಯಿ ಕಳಿಸಿ" ಎಂಬ ಸಂದೇಶಗಳು ಬರುವುದೂ ಇದೇ ವಾರ, ಅದರ ಎಚ್ಚರಿಕೆ ಕರೆಯಲ್ಲೇ ಹೇಳಬೇಕು. ಫಲಿತಾಂಶ ಬಂದ ದಿನ ಗುಂಪನ್ನು ಮುಚ್ಚುವಂತಿಲ್ಲ. 2024ರಿಂದ ಪರೀಕ್ಷೆ-2 ಇದೆ, ಉಳಿದವರು ಅದೇ ವರ್ಷ ಮತ್ತೆ ಕೂರಬಹುದು. ಆದರೆ ಫಲಿತಾಂಶಕ್ಕೂ ಶುಲ್ಕದ ಗಡುವಿಗೂ ನಡುವೆ ಸಿಗುವುದು ಕೆಲವೇ ದಿನ. ಆ ಸಂಜೆಯೇ ಪ್ರತಿಯೊಬ್ಬರಿಗೂ ಕರೆ ಮಾಡಿ ಬಾಕಿ ವಿಷಯ ಬರೆದುಕೊಂಡು, ಮರುದಿನ ಬೆಳಗ್ಗೆ ಶಾಲೆಗೆ ಹೋಗಿ ನೋಂದಣಿ ಮಾಡಿಸಬೇಕು. ಎರಡನೇ ಸುತ್ತಿನ ಪಾಠಕ್ಕೆ ಅದೇ ಕೈಪುಸ್ತಕ, ಅದೇ ಧ್ವನಿಗಳು ಸಾಕು. ನೋಟ್‌ಬುಕ್ ಫೋಟೊಗಳಲ್ಲಿ ಎಲ್ಲರೂ ಎಡವಿದ ಪುಟಗಳನ್ನು ಮಾತ್ರ ತಿದ್ದಿ ಮತ್ತೆ ಅಚ್ಚುಹಾಕಿಸಬೇಕು.